ಗೋಡೆಗಿಂತ ಮೊದಲು ಎಲ್ಲೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿಗಳೆಲ್ಲರಂತೆ ನಾನೂ ಬಾಲ್ಯದ ನೆನಪುಗಳನ್ನೇ ಬರೆಯೋಣವೆಂದುಕೊಂಡಿದ್ದೆ. ಆದರೆ ಅದೇ ದಿನ ಸಮಿತಿಯ ಹಿರಿಯರೊಬ್ಬರು ಉದ್ದೇಶಿತ ಹೊಸ ಕಟ್ಟಡದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, "ನೀನು ಇದೇ ಕೆಲಸದಲ್ಲಿ ಇರುವವನಲ್ಲವೇನಪ್ಪಾ, ಒಮ್ಮೆ ನೋಡಿ ಹೇಳು" ಎಂದರು. ಆರು ತರಗತಿ ಕೋಣೆಗಳು, ಒಂದು ಸಭಾಂಗಣ, ದಾನಿಗಳ ಹೆಸರು ಕೆತ್ತುವ ಕಲ್ಲಿಗೆ ಜಾಗ, ಎಲ್ಲವೂ ಅದರಲ್ಲಿ ಇದ್ದವು. ನಾವು ಖೋ ಖೋ ಆಡಿ ಬೆಳೆದ ಬಯಲಿನ ಮೇಲೆ ಮಾತ್ರ 'ಖಾಲಿ ಜಾಗ' ಎಂದು ಬರೆದಿತ್ತು. ಆ ಎರಡು ಶಬ್ದಗಳು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಈ ಲೇಖನ ಅವುಗಳ ಕುರಿತದ್ದೇ ಆಗಿದೆ.

ನಾನು ಬೆಂಗಳೂರಿನ ವಿನ್ಯಾಸ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕಟ್ಟಡಗಳನ್ನು ಕಟ್ಟುವ ಮೊದಲು ಕಂಪ್ಯೂಟರಿನೊಳಗೆ ಕಟ್ಟಿ ನೋಡುವುದು ನನ್ನ ವೃತ್ತಿ. ಈ ವಿಧಾನಕ್ಕೆ ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಚಿಕ್ಕದಾಗಿ 'ಬಿಮ್' ಎಂದು ಹೆಸರು. ಕಟ್ಟಡದ ಮಾಹಿತಿ ಮಾದರಿ ಎಂದು ನಾವು ಕರೆಯಬಹುದು. ಹಿಂದಿನ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಗೆರೆಗಳು ಮಾತ್ರ. ಈ ಮಾದರಿಯಲ್ಲಾದರೋ ಗೋಡೆಯ ದಪ್ಪ, ಎತ್ತರ, ಯಾವ ಇಟ್ಟಿಗೆ, ಅದು ಯಾವ ಕೋಣೆಗೆ ಸೇರಿದ್ದು, ಇವೆಲ್ಲವೂ ಗೋಡೆಯ ಜೊತೆಗೇ ದಾಖಲಾಗಿರುತ್ತವೆ. ಸಿಂಗಪುರವು 2013ರಿಂದ ದೊಡ್ಡ ಕಟ್ಟಡಗಳ ಪರವಾನಗಿಗೆ ಇಂತಹ ಮಾದರಿಯನ್ನು ಕಡ್ಡಾಯ ಮಾಡಿತು. ಬ್ರಿಟನ್ ತನ್ನ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ 2016ರಲ್ಲಿ ಕಡ್ಡಾಯಗೊಳಿಸಿತು.

ಹೊಸಬರು ಈ ತಂತ್ರಾಂಶದ ಮುಂದೆ ಕುಳಿತ ಕೂಡಲೇ ಗೋಡೆ ಎಳೆಯಲು ತೊಡಗುತ್ತಾರೆ. ಅದು ತಪ್ಪು. ಮೊದಲು ಮಾಡಬೇಕಾದುದು ಕಾಮಗಾರಿಯ ಪ್ರದೇಶಗಳನ್ನು ಗೊತ್ತುಪಡಿಸುವುದು. ಅಳತೆ ಎಲ್ಲಿಂದ ಆರಂಭ, ಎಲ್ಲೆ ಎಲ್ಲಿಗೆ ಮುಗಿಯುತ್ತದೆ, ಪ್ರತಿಯೊಂದು ಭಾಗದ ಹೆಸರೇನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ಗೋಡೆ. ಯೋಚಿಸಿ ನೋಡಿದರೆ, ನಮ್ಮ ಡ್ರಿಲ್ ಮೇಷ್ಟ್ರು ಕ್ರೀಡಾಕೂಟದ ಹಿಂದಿನ ಸಂಜೆ ಗೂಟ ನೆಟ್ಟು, ಹುರಿ ಎಳೆದು, ಸುಣ್ಣದ ಪುಡಿಯಿಂದ ಅಂಕಣ ಬರೆಯುತ್ತಿದ್ದುದೂ ಇದೇ ಕ್ರಮದಲ್ಲಿ. ಗೂಟ ಸರಿಯಿಲ್ಲದಿದ್ದರೆ ಸುಣ್ಣ ಎಷ್ಟು ಚೆನ್ನಾಗಿ ಬಿದ್ದರೂ ವ್ಯರ್ಥವೆಂದು ಅವರು ಹೇಳುತ್ತಿದ್ದರು.

ಮೊದಲನೆಯದು ಮೂಲಬಿಂದು. ವೃತ್ತಿಯ ಆರಂಭದ ದಿನಗಳಲ್ಲಿ ನಾನು ಕೆಲಸ ಮಾಡಿದ ಒಂದು ಕಾಮಗಾರಿಯಲ್ಲಿ ವಾಸ್ತುಶಿಲ್ಪದ ತಂಡವು ಕಾಂಪೌಂಡಿನ ಮೂಲೆಯನ್ನು ಸೊನ್ನೆ ಎಂದು ಭಾವಿಸಿತು. ಕಂಬ ತೊಲೆಗಳ ತಂಡವು ಮೊದಲನೆಯ ಕಂಬವನ್ನು ಸೊನ್ನೆ ಎಂದುಕೊಂಡಿತು. ಎರಡು ಮಾದರಿಗಳನ್ನು ಕೂಡಿಸಿದಾಗ ಕಂಬಗಳೆಲ್ಲ ಗೋಡೆಗಳಿಂದ ಒಂಬತ್ತು ಮೀಟರ್ ಆಚೆ ಅಂಗಳದಲ್ಲಿ ನಿಂತಿದ್ದವು! ಲೆಕ್ಕದಲ್ಲಿ ಯಾರೊಬ್ಬರೂ ತಪ್ಪಿರಲಿಲ್ಲ. ಆರಂಭದ ಬಿಂದುವಿನ ಬಗ್ಗೆ ಯಾರೊಬ್ಬರೂ ಪರಸ್ಪರ ಕೇಳಿರಲಿಲ್ಲ, ಅಷ್ಟೆ. ಒಂದು ವಾರದ ಕೆಲಸವನ್ನು ಮತ್ತೆ ಮಾಡಬೇಕಾಯಿತು.

ನಮ್ಮ ಜಿಲ್ಲೆಯಲ್ಲಿ ಈ ಎಚ್ಚರಿಕೆ ಇನ್ನಷ್ಟು ಅಗತ್ಯ. ಅದರ ಕಾರಣ ಬಹುಮಂದಿಗೆ ತಿಳಿದಿರಲಾರದು. ಭೂಗೋಲವನ್ನು ಆರಾರು ಡಿಗ್ರಿ ರೇಖಾಂಶದ 60 ವಲಯಗಳಾಗಿ ವಿಂಗಡಿಸಿ ಅಳೆಯುವ ಯು.ಟಿ.ಎಂ. ಎಂಬ ಪದ್ಧತಿಯೊಂದಿದೆ. ಅದರ 43ನೆಯ ವಲಯ ಮುಗಿದು 44ನೆಯದು ಆರಂಭವಾಗುವುದು 78 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಹೊಸೂರು ಇರುವುದು ಸುಮಾರು 77.8ರಲ್ಲಿ, ಕೃಷ್ಣಗಿರಿ ಸುಮಾರು 78.2ರಲ್ಲಿ. ಎಂದರೆ ಈ ಕಾಣದ ಗಡಿ ನಮ್ಮ ಜಿಲ್ಲೆಯ ನಡುವೆಯೇ, ಶೂಲಗಿರಿಯ ಆಸುಪಾಸಿನಲ್ಲಿ ಹೆದ್ದಾರಿಯನ್ನು ದಾಟುತ್ತದೆ. ಆ ಗಡಿಯ ಮೇಲಿರುವ ಒಂದೇ ಕಲ್ಲಿಗೆ ಪೂರ್ವದ ಅಳತೆ ಒಂದು ವಲಯದ ಲೆಕ್ಕದಲ್ಲಿ ಎಂಟು ಲಕ್ಷ ಮೀಟರಿಗಿಂತ ಹೆಚ್ಚು, ಇನ್ನೊಂದರ ಲೆಕ್ಕದಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ. ವಲಯದ ಹೆಸರು ಹೇಳದೆ ಅಂಕಿಯನ್ನಷ್ಟೇ ಕೊಟ್ಟರೆ ಕಲ್ಲು ಸುಮಾರು 650 ಕಿಲೋಮೀಟರ್ ಆಚೆ ಹೋಗಿ ಬೀಳುತ್ತದೆ. ಇದಕ್ಕೆ ಪರಿಹಾರ ಸರಳ. ಒಂದು ಲೆಕ್ಕ ಸರಿ, ಇನ್ನೊಂದು ತಪ್ಪು ಎಂದು ಜಗಳವಾಡುವುದಿಲ್ಲ. ಇಡೀ ಕಾಮಗಾರಿಗೆ ಯಾವುದನ್ನು ಬಳಸುವುದೆಂದು ಎಲ್ಲರೂ ಮೊದಲೇ ಒಪ್ಪಿ ಬರೆದಿಡುತ್ತಾರೆ. ಮಿಕ್ಕದ್ದನ್ನು ಅದಕ್ಕೆ ಪರಿವರ್ತಿಸಿಕೊಳ್ಳುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡಿ ಬದುಕುವ ನಮ್ಮ ಗಡಿನಾಡಿನವರಿಗೆ ಈ ವಿವೇಕ ಹೊಸದೇನಲ್ಲ.

ಭೂಮಿಯನ್ನು ಅಳೆದು ವಿಂಗಡಿಸುವ ಕೆಲಸವೂ ಈ ಸೀಮೆಗೆ ಹೊಸದಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ ಮೇಲೆ ಅಲೆಕ್ಸಾಂಡರ್ ರೀಡ್ ಎಂಬ ಅಧಿಕಾರಿ, ಮುಂದೆ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೋ ಮೊದಲಾದ ಸಹಾಯಕರೊಡನೆ ಇಲ್ಲಿನ ಹೊಲಗಳನ್ನು ಅಳೆಸಿದನು. ರೈತವಾರಿ ಪದ್ಧತಿಯ ಮೊದಲ ಪಾಠಗಳು ಇಲ್ಲಿಯೇ ನಡೆದವು. ಆ ಅಳತೆಯ ಉದ್ದೇಶ ಕಂದಾಯವಾಗಿತ್ತೆಂಬುದನ್ನು ಮರೆಯಲಾಗದು. ಆದರೂ ಅದರಿಂದ ಒಂದು ಸತ್ಯ ತಿಳಿಯುತ್ತದೆ: ಯಾವ ಹೊಲವು ದಾಖಲೆಯಲ್ಲಿ ಹೆಸರು ಮತ್ತು ಎಲ್ಲೆಯನ್ನು ಪಡೆಯಿತೋ ಅದಕ್ಕೆ ಕೇಳುವವರು ಇದ್ದರು. ಪಡೆಯದ ಜಾಗ ಯಾರದೋ ಆಯಿತು.

ಎರಡನೆಯದು ಎಲ್ಲೆ ಮತ್ತು ವಿಸ್ತೀರ್ಣ. ಅತ್ತಿಬೆಲೆಯ ಆಚೆ ಎಕರೆಗೆ 40 ಗುಂಟೆ. ಈಚೆ ನಮ್ಮಲ್ಲಿ ಎಕರೆಗೆ 100 ಸೆಂಟು. ಗುಂಟೆಯೆಂದರೆ 1089 ಚದರ ಅಡಿ, ಸೆಂಟು ಎಂದರೆ 435.6 ಚದರ ಅಡಿ. ಎರಡೂ ಕಡೆ ನೆಂಟರಿರುವ ಮನೆಗಳಲ್ಲಿ ಪಾಲಿನ ಮಾತು ಬಂದಾಗ ಇದರಿಂದಾಗುವ ಗೊಂದಲವನ್ನು ನಾನು ವಿವರಿಸಬೇಕಾಗಿಲ್ಲ. ಕಟ್ಟಡದ ಒಳಗೂ ಇದೇ ಕಥೆ. ಒಳಅಳತೆ 20 ಅಡಿಗೆ 20 ಅಡಿ ಇರುವ ಒಂಟಿ ಕೋಣೆಯ ನೆಲ 400 ಚದರ ಅಡಿ. ಸುತ್ತ ಒಂಬತ್ತು ಅಂಗುಲದ ಗೋಡೆಯನ್ನೂ ಸೇರಿಸಿ ಹೊರಗಿನಿಂದ ಅಳೆದರೆ ಅದೇ ಕೋಣೆ 462 ಚದರ ಅಡಿಯಾಗುತ್ತದೆ. ಗೋಡೆಯ ನಡುಗೆರೆಯಿಂದ ಅಳೆದರೆ ಮೂರನೆಯ ಉತ್ತರ ಬರುತ್ತದೆ. ಮಕ್ಕಳು ಕುಳಿತುಕೊಳ್ಳುವುದು 400ರಲ್ಲಿ. ಮೇಸ್ತ್ರಿ ಹಣ ಕೇಳುವುದು 462ಕ್ಕೆ. ಮನೆ ಕೊಳ್ಳುವವರು ಈ ವ್ಯತ್ಯಾಸದಲ್ಲಿ ಮೋಸಹೋಗಬಾರದೆಂದೇ 2016ರ ರಿಯಲ್ ಎಸ್ಟೇಟ್ ಕಾಯಿದೆಯು ಕಾರ್ಪೆಟ್ ಏರಿಯಾ ಎಂದರೇನೆಂದು ಸ್ಪಷ್ಟವಾಗಿ ಹೇಳಿತು. ತಂತ್ರಾಂಶವೂ ಮೊದಲೇ ಕೇಳುತ್ತದೆ, ಗೋಡೆಯ ಯಾವ ಮುಖದಿಂದ ಅಳೆಯಲಿ ಎಂದು. ನಾವು ಉತ್ತರ ಕೊಡದಿದ್ದರೆ ತನಗೆ ತೋಚಿದಂತೆ ಅಳೆಯುತ್ತದೆ. ಇನ್ನೊಂದು ಸ್ವಾರಸ್ಯವಿದೆ. ಎಲ್ಲೆಯಲ್ಲಿ ಒಂದು ಕಡೆ ಸಣ್ಣ ಬಿರುಕು ಉಳಿದರೂ, 'ಈ ಪ್ರದೇಶ ಮುಚ್ಚಿಕೊಂಡಿಲ್ಲ' ಎಂದು ಹೇಳಿ ಅದು ಲೆಕ್ಕ ಕೊಡಲು ನಿರಾಕರಿಸುತ್ತದೆ. ಬೇಲಿಯಲ್ಲಿ ಕಂಡಿ ಬಿದ್ದ ಹೊಲಕ್ಕೆ ಬೆಳೆಯ ಲೆಕ್ಕ ಹೇಳಲಾಗದು ಎಂದು ನಮ್ಮ ಹಿರಿಯರು ತಿಳಿದಂತೆಯೇ.

ಮೂರನೆಯದು ಹೆಸರು. ನಿವೇಶನ, ಅದರೊಳಗೆ ಕಟ್ಟಡ, ಅದರೊಳಗೆ ಅಂತಸ್ತು, ಅಂತಸ್ತಿನೊಳಗೆ ಕೋಣೆ, ಹೀಗೆ ಒಂದರೊಳಗೊಂದು ಹೆಸರುಗಳು ಸೇರಬೇಕು. ಕಾರ್ಖಾನೆಯೊಂದರ ಕೆಲಸದಲ್ಲಿ ಒಂದೇ ಉಗ್ರಾಣಕ್ಕೆ ಎರಡು ತಂಡಗಳು ಎರಡು ಹೆಸರಿಟ್ಟಿದ್ದರಿಂದ ಬಾಗಿಲುಗಳ ಪಟ್ಟಿ ಎರಡು ಸಲ ಹೋಗಿ, ಒಂದಕ್ಕೆ ಎರಡು ಬಾಗಿಲು ಬಂದಿಳಿದುದನ್ನು ಕಂಡಿದ್ದೇನೆ. ಅದು ಹಣದ ನಷ್ಟ ಮಾತ್ರ. ಕೋಣೆಗಳನ್ನು ಬೇರೆ ಬಗೆಯಿಂದಲೂ ಗುಂಪು ಮಾಡಬೇಕಾಗುತ್ತದೆ: ಯಾವುವು ಒಂದು ವಿದ್ಯುತ್ ಸಾಲಿಗೆ ಸೇರಿದವು, ಯಾವುವು ಒಂದು ಬೆಂಕಿ ವಲಯಕ್ಕೆ ಸೇರಿದವು ಎಂದು. ಇಲ್ಲಿ ತಪ್ಪಿದರೆ ನಷ್ಟ ಹಣದ್ದಲ್ಲ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಬೇಯುತ್ತಿದ್ದ ಅಡುಗೆಮನೆಯಿಂದ ಎದ್ದ ಬೆಂಕಿ ಹುಲ್ಲು ಚಾವಣಿಯ ತರಗತಿಗಳಿಗೆ ಹಬ್ಬಿ 94 ಮಕ್ಕಳು ಪ್ರಾಣ ತೆತ್ತರು. ಅಡುಗೆಯ ಜಾಗ ಎಲ್ಲಿಗೆ ಮುಗಿಯಬೇಕು, ಮಕ್ಕಳ ಜಾಗ ಎಲ್ಲಿಂದ ಆರಂಭವಾಗಬೇಕು, ನಡುವೆ ಎಷ್ಟು ಬಯಲು ಇರಬೇಕು, ಮಕ್ಕಳು ಯಾವ ಬಾಗಿಲಿನಿಂದ ಹೊರಗೋಡಬೇಕು ಎಂಬುದು ಕಾಗದದ ಮೇಲಿನ ಒಣ ವಿಷಯವಲ್ಲ. ನಮ್ಮ ನಕ್ಷೆಯಲ್ಲಿಯೂ ಅಡುಗೆಕೋಣೆ ಸಭಾಂಗಣದ ಬೆನ್ನಿಗೇ ಅಂಟಿಕೊಂಡಿತ್ತು ಎಂಬುದನ್ನು ಸಮಿತಿಯವರ ಗಮನಕ್ಕೆ ವಿನಯಪೂರ್ವಕವಾಗಿ ತರಬಯಸುತ್ತೇನೆ.

ಆರು ಕೋಣೆಯ ಶಾಲೆಗೆ ಇಷ್ಟೆಲ್ಲ ತಂತ್ರಜ್ಞಾನ ಬೇಕೆ, ನಮ್ಮ ಹಿರಿಯರು ಹುರಿ ಮತ್ತು ತೂಗುಗುಂಡಿನಿಂದ ಕಟ್ಟಲಿಲ್ಲವೆ ಎಂದು ಕೆಲವರು ಕೇಳಬಹುದು. ಅವರ ಮಾತಿನಲ್ಲಿ ನ್ಯಾಯವಿದೆ. ದುಬಾರಿ ತಂತ್ರಾಂಶ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಫ್ರೀಕ್ಯಾಡ್‌ನಂತಹ ಉಚಿತ ತಂತ್ರಾಂಶಗಳೇ ಇವೆ, ಅವೂ ಬೇಡವೆಂದರೆ ಚೌಕದ ಹಾಳೆ ಸಾಕು. ಅಲ್ಲದೆ ನೆಲದ ಮೇಲೆ ಹೋಗಿ ಅಳೆಯದೆ ಕಂಪ್ಯೂಟರಿನಲ್ಲಿ ಮಾಡಿದ ಮಾದರಿ ಅಂದದ ಸುಳ್ಳಾಗುತ್ತದೆ ಎಂಬುದನ್ನೂ ಅನುಭವದಿಂದ ಹೇಳಬಲ್ಲೆ. ನಾನು ಕೇಳುತ್ತಿರುವುದು ಯಂತ್ರವನ್ನಲ್ಲ, ಕ್ರಮವನ್ನು. ಹುರಿ ಹಿಡಿದ ಹಿರಿಯರೂ ಗೂಟವನ್ನೇ ಮೊದಲು ನೆಟ್ಟರು.

ಈಗ ಆ 'ಖಾಲಿ ಜಾಗ'ಕ್ಕೆ ಮರಳುತ್ತೇನೆ. ನನ್ನ ವೃತ್ತಿ ಕಲಿಸಿದ ಮುಖ್ಯ ಪಾಠವೊಂದಿದ್ದರೆ ಅದು ಇದು: ಮಾದರಿಯಲ್ಲಿ ಹೆಸರಿಲ್ಲದ ಜಾಗವನ್ನು ಯಾರೂ ಕಾಯುವುದಿಲ್ಲ. ಮೊದಲು ಅಲ್ಲಿ ನೀರಿನ ತೊಟ್ಟಿ ಬರುತ್ತದೆ, ಆಮೇಲೆ ವಾಹನ ನಿಲ್ಲಿಸುವ ಚಾವಣಿ, ಆಮೇಲೆ ಇನ್ನೆರಡು ಕೋಣೆ. ಯಾರೂ ಬಯಲನ್ನು ನುಂಗಬೇಕೆಂದು ನಿರ್ಧರಿಸಿರುವುದಿಲ್ಲ. ಅದು ಬಯಲೆಂದು ಯಾರೂ ಬರೆದಿಟ್ಟಿರುವುದಿಲ್ಲ, ಅಷ್ಟೇ. ಹೊಸೂರಿನ ಸುತ್ತ ಕೈಗಾರಿಕೆಗಳು ಬೆಳೆದಂತೆ ಕೆರೆಯಂಗಳಗಳಿಗೂ ಗೋಮಾಳಗಳಿಗೂ ಏನಾಯಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಬಯಲು ಖಾಲಿಯಲ್ಲ. ಅಲ್ಲಿ ಪ್ರಾರ್ಥನೆ ನಡೆಯುತ್ತದೆ, ಧ್ವಜ ಏರುತ್ತದೆ, ಬೆಂಕಿ ಬಿದ್ದರೆ ಮಕ್ಕಳು ಓಡಿ ಬಂದು ನಿಲ್ಲಬೇಕಾದುದೂ ಅಲ್ಲಿಯೇ.

ಆದ್ದರಿಂದ ನನ್ನ ಸಲಹೆಗಳು ಇಷ್ಟು. ಶಂಕುಸ್ಥಾಪನೆಗೆ ಮೊದಲು ತಾಲ್ಲೂಕು ಕಚೇರಿಯಿಂದ ನಮ್ಮ ಸರ್ವೆ ನಂಬರಿನ ಎಫ್.ಎಂ.ಬಿ. ನಕ್ಷೆಯನ್ನು ಪಡೆದು, ಸರ್ವೆ ಕಲ್ಲುಗಳು ಸ್ಥಳದಲ್ಲಿವೆಯೇ ಎಂದು ನೋಡಬೇಕು. ಅವುಗಳಲ್ಲಿ ಒಂದನ್ನು ಎಲ್ಲ ಅಳತೆಗಳಿಗೂ ಮೂಲಬಿಂದುವೆಂದು ಬರೆದಿಡಬೇಕು. ಆಟದ ಬಯಲು, ಬೇವಿನ ಮರದ ನೆರಳು, ಬಾವಿಯ ಸುತ್ತಿನ ಜಾಗ, ಇವುಗಳಿಗೆ ಎಲ್ಲೆ ಎಳೆದು ಹೆಸರು ಕೊಟ್ಟು, ಅನಂತರವೇ ಕಟ್ಟಡಕ್ಕೆ ಜಾಗ ಹುಡುಕಬೇಕು. ಈ ಅಳತೆಯ ಕೆಲಸವನ್ನು ಮೇಲಿನ ತರಗತಿಯ ಮಕ್ಕಳಿಂದಲೇ ಟೇಪು ಹಿಡಿಸಿ ಮಾಡಿಸಬೇಕು. ಕ್ಷೇತ್ರಗಣಿತಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಹೆಸರುಗಳು ಕನ್ನಡದಲ್ಲಿರಲಿ, ಪಕ್ಕದಲ್ಲಿ ತಮಿಳಿನಲ್ಲಿಯೂ ಇರಲಿ. ಇಂದಿನ ತಂತ್ರಾಂಶಗಳು ಎರಡು ಲಿಪಿಗಳನ್ನೂ ಸ್ವೀಕರಿಸುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂತಹ ಕೆಲಸಕ್ಕೆ ಹೋಗಲಾಗದೆಂಬ ಅಂಜಿಕೆಯಿಂದ ಮಕ್ಕಳನ್ನು ಬೇರೆಡೆಗೆ ಕಳುಹಿಸುವ ತಂದೆತಾಯಿಗಳಿಗೆ ನನ್ನದೊಂದು ಮಾತು: ಮೂಲೆ, ಮಟ್ಟ, ಎಲ್ಲೆ, ಅಂಕಣ, ಪಡಸಾಲೆ ಎಂಬ ಮಾತುಗಳನ್ನು ನಾನು ಕಲಿತದ್ದು ಈ ಶಾಲೆಯಲ್ಲಿ ಮತ್ತು ನನ್ನ ಮನೆಯಲ್ಲಿ. ಬೆಂಗಳೂರಿನಲ್ಲಿ ಕಲಿತದ್ದು ಅವುಗಳ ಇಂಗ್ಲಿಷ್ ಹೆಸರುಗಳನ್ನು ಮಾತ್ರ. ಬುಡ ಗಟ್ಟಿಯಾಗಿದ್ದುದರಿಂದ ಆ ಹೆಸರುಗಳು ಬೇಗ ಬಂದವು. ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಈ ದಿನಗಳಲ್ಲಿ ನಮ್ಮ ಕನ್ನಡ ಶಾಲೆಯೂ ಒಂದು ದಿನ ಯಾರದೋ ನಕ್ಷೆಯಲ್ಲಿ 'ಖಾಲಿ ಜಾಗ' ಎನಿಸಿಕೊಳ್ಳಬಾರದು. ಅದಕ್ಕೆ ಹೆಸರೂ ಎಲ್ಲೆಯೂ ಇವೆಯೆಂದು, ಅದನ್ನು ಬಳಸುವವರು ಇದ್ದಾರೆಂದು ನಾವೇ ಬರೆದಿಡಬೇಕು.

ಐವತ್ತು ವರ್ಷಗಳ ಹಿಂದೆ ಈ ಶಾಲೆಗೆ ಜಾಗ ಗುರುತಿಸಿದ ಹಿರಿಯರು ಕೋಣೆಗಳಿಗಿಂತ ದೊಡ್ಡದಾಗಿ ಬಯಲನ್ನು ಬಿಟ್ಟರು. ಅವರಿಗೆ ನನ್ನ ನಮನಗಳು. ಹೊಸ ಕಟ್ಟಡ ಬೇಗನೆ ಏಳಲಿ. ಅದಕ್ಕೆ ನನ್ನ ಕೈಲಾದ ಸೇವೆಯನ್ನು ಸಲ್ಲಿಸಲು, ಒಂದು ಭಾನುವಾರ ಟೇಪು ಮತ್ತು ಹುರಿ ಹಿಡಿದು ಬರಲು ಸಿದ್ಧನಿದ್ದೇನೆ. ಮೊದಲ ಗೂಟವನ್ನು ಬಯಲಿನ ಅಂಚಿನಲ್ಲಿ ನೆಡೋಣ.