ಕನ್ನಡಿಗನೆಂಬವನು ಯಾರು?

ಒಬ್ಬ ಮನುಷ್ಯನು ಒಂದು ನಾಡಿಗೆ ಸೇರಿದವನೆಂದು ನಿರ್ಣಯಿಸುವುದು ಯಾವುದರಿಂದ? ಹುಟ್ಟಿದ ವಂಶದಿಂದ ಎಂಬುದು ಸುಲಭವಾದ ಉತ್ತರ. ಸುಲಭವಾದ ಉತ್ತರಗಳನ್ನು ಚರಿತ್ರೆಯ ಒರೆಗಲ್ಲಿಗೆ ಉಜ್ಜಿ ನೋಡುವುದು ಒಳಿತು.

ಆದಿಕವಿ ಪಂಪನ ಹಿರಿಯರು ವೆಂಗಿಮಂಡಲದವರು. ಅವನ ತಮ್ಮ ಜಿನವಲ್ಲಭನು ತೆಲಂಗಾಣದ ಕುರ್ಕ್ಯಾಲದಲ್ಲಿ ಬರೆಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗುಗಳು ಒಂದೇ ಬಂಡೆಯ ಮೇಲೆ ನೆರೆಹೊರೆಯಾಗಿವೆ. ಈಚೆಗೆ ಬಂದರೆ, ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗೋವಿಂದ ಪೈಗಳದು ಕೊಂಕಣಿ, ನಿಸಾರ್ ಅಹಮದರದು ಉರ್ದು. ವಂಶವನ್ನೇ ಅಳತೆಗೋಲಾಗಿ ಹಿಡಿದರೆ ಕನ್ನಡ ಸಾಹಿತ್ಯದ ಪಡಸಾಲೆ ಎಷ್ಟು ಬರಿದಾದೀತು!

ಹಾಗಿದ್ದೂ ಪೂರ್ವಿಕರ ನೆನಪಿಲ್ಲದೆ ನಾಡು ನಿಲ್ಲುವುದಿಲ್ಲವೆಂಬುದೂ ದಿಟ. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾದುವು. ಆದರೆ ಗಡಿ ಎಳೆದ ಮಾತ್ರಕ್ಕೆ ಬೀದರಿನ ರೈತನೂ ಕೊಳ್ಳೇಗಾಲದ ನೇಕಾರನೂ ಒಬ್ಬರನ್ನೊಬ್ಬರು ತಮ್ಮವರೆಂದು ಬಗೆದಾರೆ? ಆ ಬೆಸುಗೆಯ ಕೆಲಸದಲ್ಲಿ ಪಾಠಶಾಲೆಯೊಡನೆ ಟೂರಿಂಗ್ ಟಾಕೀಸಿನ ಡೇರೆಯೂ ಪಾಲುಗೊಂಡಿತು. 1961ರ ‘ಕಿತ್ತೂರು ಚೆನ್ನಮ್ಮ’, 1967ರ ‘ಇಮ್ಮಡಿ ಪುಲಿಕೇಶಿ’, 1975ರ ‘ಮಯೂರ’ ಇವು ಓದುಬರಹ ಬಾರದವರಿಗೂ ಕಿತ್ತೂರು, ಬಾದಾಮಿ, ಬನವಾಸಿಗಳನ್ನು ತವರುಮನೆಯಂತೆ ಹತ್ತಿರ ಮಾಡಿದುವು. ವಿದ್ವಾಂಸರು ಇದನ್ನು ಹಗುರವಾಗಿ ಕಾಣಬಾರದು.

ಆದರೆ ಬೆಳ್ಳಿತೆರೆಯ ಅರಸನು ಒಂದೇ ಭಾಷೆಯನ್ನಾಡುತ್ತಾನೆ. ತುಳುವ ವಂಶದ ಕೃಷ್ಣದೇವರಾಯನು ‘ಆಮುಕ್ತಮಾಲ್ಯದ’ವನ್ನು ರಚಿಸಿದ್ದು ತೆಲುಗಿನಲ್ಲಿ; ಅವನ ಶಾಸನಗಳಿರುವುದು ಹಲವು ಭಾಷೆಗಳಲ್ಲಿ. 1962ರ ತೆಲುಗು ಚಿತ್ರ ‘ಮಹಾಮಂತ್ರಿ ತಿಮ್ಮರುಸು’ ಅವನನ್ನು ತೆಲುಗರಸನಾಗಿ ಕಾಣಿಸಿತು. 1970ರಲ್ಲಿ ನಮ್ಮ ‘ಶ್ರೀಕೃಷ್ಣದೇವರಾಯ’ ಕನ್ನಡದರಸನಾಗಿ ಕಾಣಿಸಿತು. ಎರಡೂ ಕಡೆಯವರು ಕಂಡದ್ದು ತಮ್ಮ ಮುಖವನ್ನೇ. ಚಿತ್ರವನ್ನೇ ಚರಿತ್ರೆಯೆಂದು ನಂಬಿದಾಗ ‘ಅವನು ನಮ್ಮವನೋ ನಿಮ್ಮವನೋ’ ಎಂಬ ಜಗಳ ಹುಟ್ಟುತ್ತದೆ. ಜಗಳವು ಅರಸನಲ್ಲಿಗೇ ನಿಲ್ಲದೆ, ಪಕ್ಕದ ಮನೆಯವನ ಮನೆಮಾತನ್ನು ವಿಚಾರಿಸುವವರೆಗೆ ಬೆಳೆಯುತ್ತದೆ.

ಹಾಗೆಂದು ಇಲ್ಲಿ ಬಂದು ನೆಲೆಸಿದವರೆಲ್ಲ ತಾವಾಗಿಯೇ ಕನ್ನಡಿಗರಾಗುವರೆಂದು ನಾನು ಹೇಳುತ್ತಿಲ್ಲ. ಮಾಸ್ತಿ, ಬೇಂದ್ರೆ, ಪೈಗಳು ಕನ್ನಡವನ್ನು ತಮ್ಮ ದುಡಿಮೆಯಿಂದ ಸ್ವಂತ ಮಾಡಿಕೊಂಡವರು. ನೆಲೆಸಿದವನಿಗೆ ಭಾಷೆಯನ್ನು ಕಲಿಯುವ ಹೊಣೆಯಿದೆ. ನಾಡಿನವರಿಗೆ ಅದನ್ನು ಕಲಿಸುವ ಹೊಣೆಯಿದೆ. ಕಲಿಸದೆ ದೂರುವುದು ನ್ಯಾಯವಲ್ಲ. ಕಲಿಯದೆ ಹಕ್ಕು ಕೇಳುವುದೂ ಅಲ್ಲ.

ಆದುದರಿಂದ ನಮ್ಮ ಉಪಾಧ್ಯಾಯರಲ್ಲಿ ಒಂದು ಬಿನ್ನಹ. ಮಯೂರನ ಕಥೆಗೆ ಹಿಗ್ಗುವ ಹುಡುಗನ ಹಿಗ್ಗನ್ನು ಕುಗ್ಗಿಸಬೇಡಿ. ಕುರ್ಕ್ಯಾಲದ ಬಂಡೆಯ ಕಥೆಯನ್ನೂ ಅದರ ಜೊತೆಗೆ ಹೇಳಿ. ಅದೇ ಬೆಂಚಿನ ಮೇಲೆ ಕುಳಿತು, ಮನೆಯಲ್ಲಿ ಬೇರೆ ನುಡಿಯಾಡಿ ಬಂದ ಇನ್ನೊಂದು ಮಗುವೂ ಆಗ ಪಂಪನನ್ನು ತನ್ನ ಹಿರಿಯನೆಂದು ಕರೆಯಬಲ್ಲದು.