ಕಾಲಿನ ಗಾಯ ಮಾಯುತ್ತಿಲ್ಲವೇ? ವಾತದ ಮಾತ್ರೆಯ ಹೆಸರು ಕೇಳಿ

ಕಾಲಿನ ಗಾಯ ಎರಡು ತಿಂಗಳಾದರೂ ಮಾಯದಿದ್ದರೆ ಊರಲ್ಲಿ ಮೊದಲು ಕೇಳುವುದು, ‘ಶುಗರ್ ಇದೆಯಾ?’ ಕೇಳಬೇಕಾದ್ದೇ. ಆದರೆ ಶುಗರ್ ಇಲ್ಲ ಎಂದು ರಿಪೋರ್ಟ್ ಬಂದರೆ ಮಾತು ನಂಜಿನ ಕಡೆ ಹೊರಳುತ್ತದೆ. ‘ಸಂಧಿವಾತ ಇದೆಯಾ, ಅದಕ್ಕೆ ಯಾವ ಮಾತ್ರೆ ನುಂಗ್ತಿದೀಯ?’ ಎಂದು ಕೇಳುವವರು ಕಡಿಮೆ.

ನಾವು ಹೇಳುತ್ತಿರುವುದು ವಯಸ್ಸಾಗಿ ಸವೆದ ಮಂಡಿಯ ನೋವಲ್ಲ. ರುಮಟಾಯ್ಡ್ ಆರ್ಥರೈಟಿಸ್. ಬೆಳಿಗ್ಗೆ ಎದ್ದರೆ ಎರಡೂ ಕೈಬೆರಳ ಗಂಟು ಊದಿ, ಮುದ್ದೆ ಕೋಲು ಹಿಡಿಯಲೂ ಆಗದ ಕಾಯಿಲೆ. ಹೆಂಗಸರಲ್ಲೇ ಹೆಚ್ಚು. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿ ಬೀಳುತ್ತದೆ. ಗಾಯವಾದಾಗ ಮೊದಲ ಕೆಲವು ದಿನ ಕೆಂಪಾಗಿ ಊದುವುದು ಸಹಜ, ಅದು ಕೊಳೆ ತೆಗೆಯುವ ಕೆಲಸ. ಆಮೇಲೆ ಊತ ಇಳಿದು ಹೊಸ ಚರ್ಮ ಬರಬೇಕು. ಈ ಕಾಯಿಲೆಯ ಕೆಲವರಲ್ಲಿ ಊತ ಇಳಿಯುವುದೇ ಇಲ್ಲ. ಸಣ್ಣ ರಕ್ತನಾಳಗಳೂ ಊದಿದರೆ ಗಾಯಕ್ಕೆ ರಕ್ತ ಸಾಲದು.

ಇದರ ಮೇಲೆ ಮಾತ್ರೆ. ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ವಾತದ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಎರಡೇ ದಿನದಲ್ಲಿ ನೋವು ಇಳಿಯುತ್ತದೆ, ಕೊಟ್ಟವರು ದೇವರಾಗುತ್ತಾರೆ. ಈ ಬೆರಗು ಹೊಸದಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಇದೇ ಕಾಯಿಲೆಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ, ಓಡಾಡಲಾಗದಿದ್ದ ಹೆಂಗಸು ಕೆಲವೇ ದಿನಗಳಲ್ಲಿ ನಡೆದಾಡಿದಳು. 1950ರಲ್ಲಿ ನೊಬೆಲ್ ಬಂತು, ಬೆನ್ನಿಗೇ ಅಡ್ಡಪರಿಣಾಮಗಳೂ ಬಂದವು. ತಿಂಗಳುಗಟ್ಟಲೆ ನುಂಗಿದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗುತ್ತದೆ. ಕೂಳೆ ತಾಗಿದರೂ ಸುಲಿಯುತ್ತದೆ, ಮಾಯುವುದು ನಿಧಾನ. ಒಳಗೆ ಕೀವಾದರೂ ಜ್ವರ ಬಾರದೆ ಗೊತ್ತೇ ಆಗದಿರಬಹುದು.

ಹಾಗಂತ ಸ್ಟೀರಾಯ್ಡ್ ವಿಷವಲ್ಲ. ವೈದ್ಯರು ಲೆಕ್ಕ ಹಾಕಿ ಕೊಟ್ಟರೆ ಔಷಧವೇ. ಇದನ್ನು ಓದಿ ಹೆದರಿ ನಾಳೆಯೇ ಬಿಡಬೇಡಿ. ಬಹಳ ದಿನ ನುಂಗಿದವರು ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ, ವೈದ್ಯರೇ ನಿಧಾನವಾಗಿ ಇಳಿಸಬೇಕು. ನಮ್ಮ ತಕರಾರು ಹೆಸರಿಲ್ಲದ ಪೊಟ್ಟಣದ ಮೇಲೆ. ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ ಎಂದು ಕಾನೂನೇ ಇದೆ. ರಸಗೊಬ್ಬರದ ಚೀಲದ ಮೇಲಿನ ಅಕ್ಷರ ಓದಿಯೇ ಕೊಳ್ಳುವ ನಾವು, ಬಾಯಿಗೆ ಹಾಕುವುದರ ಹೆಸರು ಕೇಳಲು ಯಾಕೆ ಹಿಂಜರಿಯಬೇಕು?

ನಂಜಿನ ಮಾತು ಬಂತಲ್ಲ. ನಂಜಾಗುತ್ತದೆಂದು ಗಾಯವಾದವರಿಗೆ ಮೊಟ್ಟೆ, ಬೇಳೆ ಬಿಡಿಸುತ್ತೇವೆ. ಹೊಸ ಚರ್ಮ ಕಟ್ಟಲು ಬೇಕಾದ ಪ್ರೋಟೀನ್ ಇರುವುದು ಅವುಗಳಲ್ಲೇ. ಬಿಡಬೇಕಾದ್ದು ಬೀಡಿ. ಗಾಯಕ್ಕೆ ಸುಣ್ಣ, ಕಾಫಿಪುಡಿಯೂ ಬೇಡ.

ಗಾಯ ತೋರಿಸಲು ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿ ಒಯ್ಯಿರಿ, ಹೆಸರಿಲ್ಲದ ಆ ಪೊಟ್ಟಣವನ್ನೂ.