ಶೇ 60ರ ಕನ್ನಡ, ಎರಡು ಬೇಸಿಗೆಯ ಸ್ಟಿಕ್ಕರ್

ನಮ್ಮ ಬೀದಿ ತಿರುವಿನ ಅಂಗಡಿಯ ಫಲಕ ಕಳೆದ ವಾರದವರೆಗೂ ‘ಮಕಳ ಬಟೆ’ ಎನ್ನುತ್ತಿತ್ತು. ಬರೆಸಿದವರಿಗೆ ಕನ್ನಡ ಚೆನ್ನಾಗಿಯೇ ಗೊತ್ತು. ಒತ್ತುಗಳು ಬಿಸಿಲಿಗೆ ಉದುರಿದ್ದವು. ಉಳಿದ ಅಕ್ಷರಗಳ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ. ಸ್ಟಿಕ್ಕರ್ ಹಾಳೆ ಕುಗ್ಗಿ ಹೊರಬಿದ್ದ ಅಂಟಿಗೆ ದೂಳು ಮೆತ್ತಿಕೊಂಡಿತ್ತು.

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವೆಂಬ ತಿದ್ದುಪಡಿ 2024ರಲ್ಲಿ ಬಂದಾಗ, ಗಡುವಿಗೆ ಹೆದರಿ ಬೆಂಗಳೂರಿನ ಎಷ್ಟೋ ಅಂಗಡಿಗಳು ಹಳೆಯ ಫಲಕದ ಮೇಲೆಯೇ ವಿನೈಲ್ ಅಂಟಿಸಿಕೊಂಡವು. ಕಾಯ್ದೆ ಜಾಗ ಅಳೆಯಿತು, ಬಾಳಿಕೆ ಕೇಳಲಿಲ್ಲ.

ವಿನೈಲ್ ಮುಖ್ಯವಾಗಿ ಎರಡು ಬಗೆ. ಕ್ಯಾಲೆಂಡರ್ಡ್ ಎಂದರೆ ಬಿಸಿ ಪಿವಿಸಿಯನ್ನು ರೋಲರುಗಳ ನಡುವೆ ಚಪಾತಿಯಂತೆ ಲಟ್ಟಿಸಿದ್ದು. ಲಟ್ಟಿಸಿದ ಚಪಾತಿ ಕೈಬಿಟ್ಟೊಡನೆ ತುಸು ಕುಗ್ಗುವಂತೆ, ಬಿಸಿಲು ಬಿದ್ದಾಗ ಇದೂ ಒಳಕ್ಕೆ ಎಳೆದುಕೊಳ್ಳುತ್ತದೆ. ಕಾಸ್ಟ್ ಎಂಬುದು ದೋಸೆಯ ಹಾಗೆ: ದ್ರವವಾಗಿ ಸುರಿದು, ಕಾಯಿಸಿ ಗಟ್ಟಿ ಮಾಡಿದ್ದು. ಎಳೆತವಿಲ್ಲ, ಹಾಗಾಗಿ ಕುಗ್ಗುವುದು ತೀರಾ ಕಡಿಮೆ. ತಮಾಷೆಯೆಂದರೆ ದುಬಾರಿಯಾದ ಕಾಸ್ಟ್ ಸುಮಾರು 50 ಮೈಕ್ರಾನ್. ಅಗ್ಗದ್ದು 80ರಿಂದ 100. ಮುಟ್ಟಿ ನೋಡಿ ದಪ್ಪಗಿದ್ದುದನ್ನೇ ಗಟ್ಟಿಯೆಂದು ಆರಿಸುವ ಗಿರಾಕಿ ಇಲ್ಲೇ ಮೋಸಹೋಗುತ್ತಾನೆ.

ಹಾಗೆಂದು ಎಲ್ಲದಕ್ಕೂ ಕಾಸ್ಟ್ ಬೇಕಿಲ್ಲ. ಸಮತಟ್ಟಾದ ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್) ಫಲಕಕ್ಕೆ ಕ್ಯಾಲೆಂಡರ್ಡ್‌ನಲ್ಲೇ ಮೇಲ್ದರ್ಜೆಯ ಪಾಲಿಮೆರಿಕ್ ಸಾಕು. ಅದರ ಅಗ್ಗದ ದರ್ಜೆಯಾದ ಮೊನೊಮೆರಿಕ್ ಏನಿದ್ದರೂ ಜಾತ್ರೆ, ರಿಯಾಯಿತಿ ಮಾರಾಟದ ಮಟ್ಟಿಗೆ. ಖರ್ಚು ಮಾಡಬೇಕಾದ್ದು ವಾಹನಕ್ಕೆ. ವ್ಯಾನಿನ ಉಬ್ಬುತಗ್ಗು, ರಿವೆಟ್ಟುಗಳ ಮೇಲೆ ಹಿಗ್ಗಿಸಿ ಕೂರಿಸಿದ ಅಗ್ಗದ ಹಾಳೆ ಕೆಲವೇ ತಿಂಗಳಲ್ಲಿ ಮೇಲೇಳುತ್ತದೆ. ಕಂಪನಿಗಳು ಹೇಳುವ ಬಾಳಿಕೆ ಸಾಮಾನ್ಯವಾಗಿ ಲಂಬವಾದ ಮೈಗೆ. ಬಾನೆಟ್ಟಿನ ಮೇಲೆ ಆ ಲೆಕ್ಕ ನಡೆಯದು. (ನಮ್ಮ ಊರುಗಳಲ್ಲಿ ಇದೆಲ್ಲಕ್ಕೂ ‘ರೇಡಿಯಂ’ ಎಂದೇ ಹೆಸರು. ಒಂದು ಚೂರೂ ರೇಡಿಯಂ ಇಲ್ಲದ ರೇಡಿಯಂ!)

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಹಳೆಯ ಫಾಂಟುಗಳಲ್ಲಿ ಅಕ್ಷರ, ಗುಣಿತ, ಒತ್ತು ಬಿಡಿ ತುಂಡುಗಳಾಗಿ ಒಂದರ ಮೇಲೊಂದು ಕೂರುತ್ತವೆ. ಪರದೆಯಲ್ಲಿ ಒಂದೇ ಆಗಿ ಕಂಡರೂ ಹಾಳೆ ಕತ್ತರಿಸುವ ಪ್ಲಾಟರ್ ಯಂತ್ರದ ಬ್ಲೇಡು ಪ್ರತಿ ಅಂಚನ್ನೂ ಕೊಯ್ಯುತ್ತದೆ. ತುಂಡುಗಳನ್ನು ಕಂಪ್ಯೂಟರಿನಲ್ಲಿ ಮೊದಲೇ ‘ವೆಲ್ಡ್’ ಮಾಡಿ ಒಂದಾಗಿಸದಿದ್ದರೆ ಅಕ್ಷರದ ನಡುವೆಯೇ ಸೀಳು. ಒತ್ತು ಪುಟ್ಟದು, ಅಂಟಿನ ಹಿಡಿತವೂ ಅಷ್ಟೇ ಕಡಿಮೆ. ಹಾಗಾಗಿ ಮೊದಲು ಏಳುವುದೂ ಅದೇ. ಬಳುಕುವ ಫಾಂಟಿನ ಆಸೆ ಬಿಟ್ಟು ಒತ್ತು ದಪ್ಪಗಿರುವುದನ್ನು ಆರಿಸಬೇಕು.

ಅಂಟಿಸುವಾಗಿನ ಅವಸರವೂ ಅಷ್ಟೇ ಕೆಟ್ಟದ್ದು. ಮೇಣದ ಪಾಲಿಶ್ ಉಳಿದ ಮೈಗೆ ಅಂಟು ಹಿಡಿಯದು, ಸ್ಪಿರಿಟ್ಟಿನಲ್ಲಿ ಒರೆಸಲೇಬೇಕು. ಹೊಸ ಬಣ್ಣ ಪೂರ್ತಿ ಆರುವ ಮೊದಲೇ ಅಂಟಿಸಿದರೆ ಒಳಗಿನ ದ್ರಾವಕ ಆವಿಯಾಗಿ ಗುಳ್ಳೆ ಏಳುತ್ತದೆ. ಕೆಲಸಗಾರನ ಮೇಲೆ ತಪ್ಪು ಹೊರಿಸುವ ಮುನ್ನ, ‘ಇವತ್ತು ಸಂಜೆಯೊಳಗೆ ಆಗಬೇಕು’ ಎಂದವರು ಯಾರೆಂದು ನೆನೆಯಬೇಕು. ದರಪಟ್ಟಿಯಲ್ಲಿ ಚದರಡಿಯ ಬೆಲೆಯ ಜೊತೆಗೆ ಹಾಳೆಯ ಹೆಸರು, ಮಾದರಿ ಸಂಖ್ಯೆಯನ್ನೂ ಬರೆಸಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬಟ್ಟೆ ಅಂಗಡಿಯವರು ಮೊನ್ನೆ ಪೇಂಟರ್ ಕರೆಸಿ, ಏಣಿ ಹಾಕಿಸಿ, ಒತ್ತುಗಳನ್ನಷ್ಟೇ ಬರೆಸಿದರು. ಬಣ್ಣ ಹೊಂದಿಲ್ಲ.